ಚಾವಡಿಯ ದಫ್ತರ, ಠಾಣೆಯ ದಿನಚರಿ

ವಿಜಯಪುರಕ್ಕೆ ಬಂದವರು ಗೋಲಗುಮ್ಮಟದ ಮೇಲೇರಿ ಕೂಗಿ, ಕೂಗಿದ ಮಾತು ಸುತ್ತಿ ಸುತ್ತಿ ಹಿಂದಿರುಗಿದುದನ್ನು ಕೇಳಿ ತಣಿದು ಕೆಳಗಿಳಿದ ಬಳಿಕ, ಎದುರಿಗಿರುವ ನಗಾರಖಾನೆಯೊಳಕ್ಕೂ ಒಂದು ಸುತ್ತು ಹೋಗಿ ಬರುವುದು ವಾಡಿಕೆ. 1892ರಲ್ಲಿ ಜಿಲ್ಲಾ ವಸ್ತುಸಂಗ್ರಹಾಲಯವಾಗಿ ತೆರೆದು 1982ರಲ್ಲಿ ಪುರಾತತ್ತ್ವ ಇಲಾಖೆಯ ವಶಕ್ಕೆ ಬಂದ ಆ ಕಟ್ಟಡದಲ್ಲಿ ಆದಿಲಶಾಹಿಯ ಆಯುಧಗಳು, ಚಿತ್ರಪಟಗಳು, ನಾಣ್ಯಗಳು, ಗಾಲೀಚೆಗಳು ಇವೆಲ್ಲವುಗಳ ಮುಂದೆ ಜನರು ಸಾವಕಾಶವಾಗಿ ನಿಲ್ಲುವರು. ಒರಟಾದ ವೀರಗಲ್ಲುಗಳ ಬಳಿಗೆ ಬಂದಾಗ ಮಾತ್ರ ಅವರ ಕಾಲು ಬೇಗ ಬೇಗ ಮುಂದಕ್ಕೆ ಸಾಗುವುದು. ಆದರೆ ಊರು ಕಾಯ್ದವರ ಚರಿತ್ರೆಯನ್ನು ಅರಸುವವನು ಮೊದಲು ನಿಲ್ಲಬೇಕಾದ ಜಾಗ ಅದೇ ಆಗಿದೆ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಅರಸರ ಯುದ್ಧದಲ್ಲಿ ಮಡಿದವರಿಗಾಗಿ ನಿಲ್ಲಿಸಿದವು ಎಷ್ಟಿವೆಯೋ, ಊರಿನ ತುರುಗಳನ್ನು ಅಟ್ಟಿಕೊಂಡು ಹೋಗುತ್ತಿದ್ದವರನ್ನು ಬೆನ್ನಟ್ಟಿ, ದನಗಳನ್ನು ಮರಳಿಸಿ, ತಾನು ಮರಳದೆ ಹೋದವನಿಗಾಗಿ ನಿಲ್ಲಿಸಿದವೂ ಅಷ್ಟೇ ವಿಪುಲವಾಗಿವೆ. ಕೆಳಗಣ ಪಟ್ಟಿಕೆಯಲ್ಲಿ ಕೊಂಬು ಎತ್ತಿದ ದನಗಳು, ಬಿಲ್ಲು ಬಾಗಿಸಿದ ಮನುಷ್ಯ, ನಡುವಣ ಪಟ್ಟಿಕೆಯಲ್ಲಿ ಅವನನ್ನು ತೋಳು ಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸಂಬಳವಿಲ್ಲದೆ, ಸಮವಸ್ತ್ರವಿಲ್ಲದೆ ಕರ್ತವ್ಯದಲ್ಲಿ ಮಡಿದವನ ದಾಖಲೆ ಇದಾಗಿದ್ದು, ಅದನ್ನು ಬರೆಯಿಸಿ ನಿಲ್ಲಿಸಿದವರು ಬಹುಮಟ್ಟಿಗೆ ಊರವರು ಮತ್ತು ಅವನ ಮನೆಯವರು.

ಪೊಲೀಸರಿಗೂ ಒಂದು ವಸ್ತುಸಂಗ್ರಹಾಲಯವೇ ಎಂದು ಹುಬ್ಬೇರಿಸುವವರು ಇಂದಿಗೂ ಉಂಟು. ದೇವಸ್ಥಾನದ ಮೂರ್ತಿಗೆ, ಅರಸನ ಸಿಂಹಾಸನಕ್ಕೆ ಗಾಜಿನ ಮನೆ ಸಲ್ಲುವುದು. ಬೇಡಿ, ಲಾಠಿ, ರೋಲ್‌ಕಾಲ್ ಪುಸ್ತಕಗಳಿಗೂ ಅದು ಸಲ್ಲಬೇಕೆಂಬುದು ನಮ್ಮ ಜನರಿಗೆ ಒಗ್ಗದ ಮಾತು. ಆದಾಗ್ಯೂ ಇಂಥ ಸಂಗ್ರಹಾಲಯಗಳು ಲೋಕದಲ್ಲಿ ಒಂದೂವರೆ ಶತಮಾನದಿಂದ ಇವೆ. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಕಚೇರಿಯಲ್ಲಿ 1870ರ ದಶಕದಲ್ಲಿ, ಕೈದಿಗಳಿಂದ ವಶಪಡಿಸಿಕೊಂಡ ಕನ್ನಗತ್ತರಿ, ಕಳ್ಳ ಕೀಲಿಕೈ, ಕೊಲೆಗೆ ಬಳಸಿದ ಆಯುಧಗಳನ್ನು ಎಳೆಯ ಅಧಿಕಾರಿಗಳ ಶಿಕ್ಷಣಕ್ಕೆಂದು ಒಂದು ಕೋಣೆಯಲ್ಲಿ ಕೂಡಿಹಾಕಿದಾಗ ಅದಕ್ಕೆ ಪತ್ರಿಕೆಯವರು ಕರಾಳ ಸಂಗ್ರಹಾಲಯವೆಂದು ಹೆಸರಿಟ್ಟರು. ಇಂದಿಗೂ ಅದು ಸಾರ್ವಜನಿಕರಿಗೆ ಮುಕ್ತವಲ್ಲ. ಅದು ಅಪರಾಧದ ಸಂಗ್ರಹಾಲಯವೇ ಹೊರತು ಪೊಲೀಸರದಲ್ಲ. ದಿಲ್ಲಿಯ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ಉದ್ಘಾಟಿತವಾದ ರಾಷ್ಟ್ರೀಯ ಪೊಲೀಸ್ ಸ್ಮಾರಕದ ನೆಲಮಾಳಿಗೆಯಲ್ಲಿರುವ ಸಂಗ್ರಹಾಲಯದ ಧೋರಣೆಯೇ ಬೇರೆ: ಮೂವತ್ತು ಅಡಿ ಎತ್ತರದ ಏಕಶಿಲೆ, ಸ್ವಾತಂತ್ರ್ಯಾನಂತರ ಕರ್ತವ್ಯದಲ್ಲಿ ಮಡಿದ 34,844 ಜನರ ಹೆಸರು ಕೊರೆದ ಗೋಡೆ, ಅದರ ಕೆಳಗೆ ಪಡೆಗಳ ಇತಿಹಾಸ. ಅಲ್ಲಿ ತ್ಯಾಗವೇ ಪ್ರಧಾನ. 1959ರ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸಿನಲ್ಲಿ ಚೀನೀ ಸೈನಿಕರ ಗುಂಡಿಗೆ ಬಲಿಯಾದ ಹತ್ತು ಮಂದಿಯ ನೆನಪಿನಲ್ಲಿ, ಅಕ್ಟೋಬರ್ 21ನ್ನು ಪೊಲೀಸ್ ಹುತಾತ್ಮರ ದಿನವಾಗಿ ದೇಶಾದ್ಯಂತ ಆಚರಿಸುವರಷ್ಟೆ. ಕೇರಳದ ಕೊಲ್ಲಮ್ಮಿನಲ್ಲಿ, ರೈಲು ನಿಲ್ದಾಣದ ಸಮೀಪದಲ್ಲಿ, 2000ದ ಮೇ ತಿಂಗಳಲ್ಲಿ ತೆರೆದ ಸರ್ದಾರ್ ವಲ್ಲಭಭಾಯಿ ಪಟೇಲ್ ಪೊಲೀಸ್ ವಸ್ತುಸಂಗ್ರಹಾಲಯ ಹಳೆಯ ಆಯುಧಗಳ ಜೊತೆಗೆ ಬೆರಳಚ್ಚು, ಅಸ್ಥಿ ಮುಂತಾದ ತನಿಖಾಶಾಸ್ತ್ರದ ಸಾಮಗ್ರಿಯನ್ನು ಸಾಮಾನ್ಯರಿಗೆ ತಿಳಿಯುವಂತೆ ಇರಿಸಿದೆ.

ಇವುಗಳೆಲ್ಲದರಲ್ಲಿ ವಿಚಿತ್ರವಾದುದು ಕೊಲ್ಕತ್ತೆಯದು. ರಾಜಾ ರಾಮಮೋಹನರಾಯರು ಒಮ್ಮೆ ವಾಸವಾಗಿದ್ದ ಮನೆಯಲ್ಲಿ 1996ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ನೋಡುಗರು ಮುತ್ತುವ ವಸ್ತು ಒಂದು ಪುಸ್ತಕ: ದಪ್ಪನೆಯ ಕಾನೂನು ಗ್ರಂಥದ ಹಾಳೆಗಳ ನಡುವನ್ನು ಚೌಕಾಕಾರವಾಗಿ ಕತ್ತರಿಸಿ, ಆ ಗುಳಿಯಲ್ಲಿ ಕೋಕೋ ಡಬ್ಬಿಯ ಬಾಂಬನ್ನು ಅಡಗಿಸಿ, 1908ರಲ್ಲಿ ಕ್ರಾಂತಿಕಾರಿಗಳು ಕಿಂಗ್ಸ್‌ಫರ್ಡ್ ಎಂಬ ಮ್ಯಾಜಿಸ್ಟ್ರೇಟನಿಗೆ ಕಳುಹಿಸಿದ ಪಾರ್ಸಲು. ಯಾರೋ ಎರವಲು ಒಯ್ದ ಪುಸ್ತಕ ಹಿಂದಿರುಗಿತೆಂದು ತಿಳಿದು ಆತ ಅದನ್ನು ಬಿಚ್ಚಲೇ ಇಲ್ಲ, ಬದುಕಿದ. ಯಾವ ಪಡೆ ಕ್ರಾಂತಿಕಾರಿಗಳನ್ನು ಬೇಟೆಯಾಡಿತೋ ಅದೇ ಪಡೆಯ ಮನೆಯಲ್ಲಿ ಅವರ ಬಾಂಬು, ಅವರ ಪಿಸ್ತೂಲು, ಈಗ ಗೌರವದಿಂದ ಇಟ್ಟ ವಸ್ತುಗಳು. ತನ್ನ ಎದುರಾಳಿಯನ್ನು ಗೌರವಿಸುವಷ್ಟು ಮಟ್ಟಿಗೆ ಒಂದು ಸಂಸ್ಥೆ ತನ್ನ ಚರಿತ್ರೆಯನ್ನು ತಾನೇ ತಿದ್ದಿಕೊಂಡ ಉದಾಹರಣೆ ಸರಕಾರಿ ಕಟ್ಟಡಗಳಲ್ಲಿ ದೊರೆಯುವುದು ಅಪರೂಪ.

ಇನ್ನು ನಮ್ಮ ಸೀಮೆಯ ಮಾತಿಗೆ ಬರೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಪೊಲೀಸ್ ಚರಿತ್ರೆಯನ್ನು ಒಂದು ಸಂಗ್ರಹಾಲಯ ಹೇಳಹೊರಟರೆ, ಅದರ ಮೊದಲ ಕೋಣೆ ಠಾಣೆಯದಾಗಕೂಡದು, ಚಾವಡಿಯದಾಗಬೇಕು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಖಾಕಿ ಈ ನೆಲಕ್ಕೆ ಬಂದದ್ದು ನಿನ್ನೆ ಮೊನ್ನೆ. ಕಾವಲು ಬಂದದ್ದು ಊರು ಹುಟ್ಟಿದಂದು. ಹಳಗನ್ನಡದ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನೆಂಬ ಕಳ್ಳನ ಕಥೆಯೊಂದಿದೆ. ಅವನನ್ನು ಹಿಡಿಯಬೇಕಾದ ತಳಾರ ಯಮದಂಡ ಅವನ ಬಾಲ್ಯದ ಗೆಳೆಯ. ಒಬ್ಬನು ಕಳವಿನ ವಿದ್ಯೆಯನ್ನು, ಇನ್ನೊಬ್ಬನು ಕಾವಲಿನ ವಿದ್ಯೆಯನ್ನು ಕಲಿತು, ಇಬ್ಬರೂ ಒಂದೇ ಪಟ್ಟಣದಲ್ಲಿ ಎದುರುಬದುರಾಗುವರು. ಶಾಸನಗಳಲ್ಲಿ ಕಾಣಸಿಗುವ ಆ ತಳಾರನೇ ಹಳ್ಳಿಯ ತಳವಾರನಾಗಿ ಮೊನ್ನೆಮೊನ್ನೆಯವರೆಗೂ ಬದುಕಿದನು. ಈಗಲೂ ಈ ಭಾಗದ ಶಾಲೆಯ ಹಾಜರಿಪುಸ್ತಕವನ್ನು ತೆರೆದರೆ ತಳವಾರ, ವಾಲೀಕಾರ, ಕೋಲಕಾರ, ಜಮಾದಾರ, ಹವಾಲ್ದಾರ, ಪೊಲೀಸಪಾಟೀಲ ಎಂಬ ಅಡ್ಡಹೆಸರುಗಳ ಸಾಲು ಕಣ್ಣಿಗೆ ಬೀಳುವುದು. ಒಂದು ಆಡಳಿತವ್ಯವಸ್ಥೆ ಪೂರ್ತಿಯಾಗಿ ಮಕ್ಕಳ ಹೆಸರಿನಲ್ಲಿ ಉಳಿದುಕೊಂಡಿದೆ.

ಆ ವ್ಯವಸ್ಥೆ ನಡೆಯುತ್ತಿದ್ದ ಬಗೆ ಹೀಗೆ. ಊರಿಗೆ ಗೌಡ, ಲೆಕ್ಕಕ್ಕೆ ಕುಲಕರ್ಣಿ, ಕೈಕಾಲಿಗೆ ವಾಲೀಕಾರ ಮತ್ತು ತಳವಾರ. ದೊಡ್ಡ ಊರುಗಳಲ್ಲಿ ಗೌಡಿಕೆಯೇ ಎರಡಾಗಿ, ಕಂದಾಯಕ್ಕೆ ಮುಲ್ಕಿ ಗೌಡ, ಕಾನೂನು ಶಾಂತಿಗೆ ಪೊಲೀಸ್ ಗೌಡ ಎಂದು ಹಂಚಿಹೋಗಿತ್ತು. ಇವರಿಗೆ ಸಂಬಳಕ್ಕೆ ಬದಲಾಗಿ ಇನಾಮು ಹೊಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ. ಹೊಲವನ್ನು ಸನದಿನ ಮೇಲೆ ಪಡೆದು, ಕರೆದಾಗ ಕತ್ತಿ ಹಿಡಿದು ಬರಬೇಕಾಗಿದ್ದ ಶೇತಸನದಿಗಳೆಂಬವರೂ ಮುಂಬಯಿ ಕರ್ನಾಟಕದ ಸೀಮೆಯಲ್ಲಿದ್ದರು. ಸಂಗೊಳ್ಳಿ ರಾಯಣ್ಣ ಅಂಥ ಮನೆತನದವನೇ. ಕಂಪನಿಯ ಸರಕಾರ ಅಂಥವರ ಹೊಲಗಳ ಮೇಲೆ ಕೈಯಿಟ್ಟಾಗ, ಊರು ಕಾಯುವ ಕೈಯೇ ಊರಿಗಾಗಿ ಬಂಡೆದ್ದಿತು.

ಕಳವಾದಾಗ ವಾಲೀಕಾರ ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಯಾವ ಗಾಜಿನ ಪೆಟ್ಟಿಗೆಯಲ್ಲಿಯೂ ಇಡಲಾಗದ ವಿದ್ಯೆ ಅದು. ಈ ಸೀಮೆಯಲ್ಲಿ ಕದಿಯುವುದಕ್ಕೆ ಇದ್ದುದಾದರೂ ಏನು? ಹಗೇವಿನ ಜೋಳ, ಕಣದ ರಾಶಿ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಎತ್ತು. ನಸುಕಿನಲ್ಲಿ ಗೋದಲಿ ಬರಿದಾದುದನ್ನು ಕಂಡ ರೈತ ಚಾವಡಿಗೆ ಓಡಿಬಂದೊಡನೆ, ಗೌಡ ವಾಲೀಕಾರನನ್ನು ಕರೆಯಿಸುವನು. ಅವನು ಗೋದಲಿಯ ಬಳಿಯಿಂದಲೇ ಎತ್ತಿನ ಗೊರಸಿನ ಅಳತೆಯನ್ನು, ಒಡೆದ ಗೊರಸೋ ಸವೆದ ಲಾಳವೋ ಎಂಬ ಕುರುಹನ್ನು ಕಣ್ಣಲ್ಲಿ ತುಂಬಿಕೊಂಡು, ಜಾಡು ಹಿಡಿದು ನಡೆಯುವನು. ಮಳೆ ಬಿದ್ದು ಹಸಿಯಾದ ಎರೆಯಲ್ಲಿ ಗೊರಸು ಆಳವಾಗಿ ಮೂಡಿ ಎರಡು ದಿನ ಉಳಿಯುವುದು. ಬೇಸಗೆಯಲ್ಲಿ ಬಾಯ್ಬಿಟ್ಟ ಎರೆಯಲ್ಲಿ ಅದೇ ಜಾಡು ಮಾರುದ್ದಕ್ಕೆ ಒಂದರಂತೆ ಹರಿದು ಹೋಗುವುದು. ಹಳ್ಳ ಬಂದರೆ ಎರಡು ದಂಡೆಗಳಲ್ಲಿಯೂ ಅರಸಬೇಕು. ಜಾಡು ನೆರೆಯೂರಿನ ಸೀಮೆಯ ಕಲ್ಲನ್ನು ದಾಟಿತೆಂದರೆ ಈ ಊರಿನ ವಾಲೀಕಾರ ಅಲ್ಲಿಯೇ ನಿಂತು, ಆ ಊರಿನವನನ್ನು ಕರೆಯಿಸಿ, ಸಾಕ್ಷಿಗಳೆದುರು ಜಾಡನ್ನು ಅವನ ಕೈಗೆ ಒಪ್ಪಿಸುವನು. ಆ ಊರಿನವರು ಅದನ್ನು ತಮ್ಮ ಎಲ್ಲೆಯಿಂದ ಆಚೆಗೆ ದಾಟಿಸಿ ತೋರಿಸಬೇಕು. ತೋರಿಸಲಾಗದೆ ಹೋದರೆ ಕಳವಿನ ಹೊಣೆ ಇಡೀ ಊರಿನದು. ಪೇಶವೆಯವರ ಕಾಲದ ಈ ಪದ್ಧತಿಯನ್ನು 1819ರ ತನ್ನ ವರದಿಯ ಕಾಲಕ್ಕೆ ಕಂಪನಿಯ ಅಧಿಕಾರಿ ಎಲ್ಫಿನ್‌ಸ್ಟನ್ ಜೀವಂತವಾಗಿ ಕಂಡನು, ಮುಂಬಯಿಯ ಆರಂಭದ ಕಾಯಿದೆಗಳೂ ಅದನ್ನು ಒಪ್ಪಿಕೊಂಡವು. ನ್ಯಾಯದ ದೃಷ್ಟಿಯಿಂದ ಅದರಲ್ಲಿ ದೋಷಗಳಿದ್ದುವು, ನಿಜ. ನಿರಪರಾಧಿಯಾದ ಬಡವನೂ ಊರಿನ ದಂಡಕ್ಕೆ ಪಾಲು ತೆರಬೇಕಾಗುತ್ತಿತ್ತು. ಆದರೆ ತನ್ನ ಎಲ್ಲೆಯೊಳಗೆ ನಡೆದುದು ತನಗೆ ಗೊತ್ತಿಲ್ಲವೆಂದು ಹೇಳುವ ಸ್ವಾತಂತ್ರ್ಯ ಯಾವ ಊರಿಗೂ ಇರಲಿಲ್ಲ.

1867ರಲ್ಲಿ ಮುಂಬಯಿ ಸರಕಾರ ಎರಡು ಕಾಯಿದೆಗಳನ್ನು ಒಂದರ ಬೆನ್ನಿಗೊಂದರಂತೆ ಮಾಡಿತು: ಏಳನೆಯದು ಜಿಲ್ಲಾ ಪೊಲೀಸರದು, ಎಂಟನೆಯದು ಗ್ರಾಮ ಪೊಲೀಸರದು. ಎಂಟನೆಯ ಕಾಯಿದೆಯ ಮೇರೆಗೆ ಪೊಲೀಸ್ ಗೌಡನು ಊರಲ್ಲಿ ಅಪರಾಧವಾದೊಡನೆ ಮೇಲಧಿಕಾರಿಗೆ ವರದಿ ಕಳುಹಿಸಬೇಕು, ಅನುಮಾನದ ಸಾವಾದರೆ ಪಂಚರನ್ನು ಕೂಡಿಸಿ ಪಂಚನಾಮೆ ಬರೆಯಿಸಬೇಕು, ಬೈಗಳು ಕೈಮಿಗಿದ ಸಣ್ಣ ಜಗಳಗಂಟರನ್ನು ಚಾವಡಿಯಲ್ಲಿ ಇಪ್ಪತ್ತನಾಲ್ಕು ತಾಸು ಮೀರದಂತೆ ಕೂಡಿಹಾಕಬಹುದು. ಹೆಣ ಬಿದ್ದ ಜಾಗದಲ್ಲಿ ಫೌಜದಾರ ಕುದುರೆಯ ಮೇಲೆ ಬರುವವರೆಗೆ ರಾತ್ರಿಯೆಲ್ಲ ಕಂದೀಲಿಟ್ಟುಕೊಂಡು ನಾಯಿ ನರಿ ಅಟ್ಟುತ್ತ ಕೂಡಬೇಕಾದವನು ಮಾತ್ರ ವಾಲೀಕಾರ. ಅವನ ಹೆಸರು ಪಂಚನಾಮೆಯ ಕೊನೆಯಲ್ಲಿ, ಬಂದರೆ, ಹೆಬ್ಬೆರಳಿನ ಗುರುತಾಗಿ ಬರುವುದು. ಕಂದಾಯದ ಹಣದ ಗಂಟಿಗೆ ಕಾವಲು, ಕುಲಕರ್ಣಿಯ ದಫ್ತರ ಹೊರುವುದು, ಡಂಗುರ, ಟಪಾಲು, ಸಾಹೇಬರ ಡೇರೆಗೆ ಸೌದೆ, ಇವೂ ಅವನವೇ. ಈ ದುಡಿಮೆ ಬಹುಪಾಲು ಊರಿನ ಕೆಳಗಣ ಜಾತಿಗಳ ಹೆಗಲ ಮೇಲೆ ಬಿದ್ದಿತ್ತೆಂಬುದನ್ನು ಮರೆತು ಚಾವಡಿಯ ಹಳೆಯ ಕಾಲವನ್ನು ಸತ್ಯಯುಗವೆಂದು ಬಣ್ಣಿಸುವವರ ಮಾತನ್ನು ನಾನು ನಂಬೆನು.

ಮೈಸೂರು ರಾಜ್ಯದ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆ 1961ರಲ್ಲಿ ಹುಟ್ಟಿ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಾಗ, ಗೌಡಿಕೆ, ಕುಲಕರ್ಣಿಕೆ, ವಾಲೀಕಾರಿಕೆ ಎಲ್ಲವೂ ವಂಶಪಾರಂಪರ್ಯದ ಹಕ್ಕಾಗಿ ಒಂದೇ ದಿನ ಮುಗಿದುವು. ಆದರೆ ಇಂಡಿಯ ಉತ್ತರಕ್ಕೆ ಭೀಮೆಯನ್ನು ದಾಟಿ ಮಹಾರಾಷ್ಟ್ರದ ಊರಿಗೆ ಹೋಗಿರಿ. ಅಲ್ಲಿ 1967ರ ಹೊಸ ಗ್ರಾಮ ಪೊಲೀಸ್ ಕಾಯಿದೆಯ ಮೇರೆಗೆ ಪೊಲೀಸ್ ಪಾಟೀಲ ಇಂದಿಗೂ ಇದ್ದಾನೆ, ಹಕ್ಕುದಾರನಾಗಿ ಅಲ್ಲ, ಗೌರವಧನ ಪಡೆಯುವ ನೇಮಕಗೊಂಡವನಾಗಿ. ಒಂದೇ ನದಿಯ ಎರಡು ದಂಡೆಗಳಲ್ಲಿ ಒಂದೇ ಸಂಸ್ಥೆ ಒಂದೆಡೆ ಅಡ್ಡಹೆಸರಾಗಿ, ಇನ್ನೊಂದೆಡೆ ಹುದ್ದೆಯಾಗಿ ಉಳಿದಿರುವುದನ್ನು ತೋರಿಸುವ ಒಂದು ನಕಾಶೆ ಸಾಕು, ಭಾಷಾವಾರು ಪ್ರಾಂತಗಳಾದ ಮೇಲೆ ಈ ಸೀಮೆಯಲ್ಲಿ ಆದ ಬದಲಾವಣೆ ನೋಡುಗನಿಗೆ ಕೂಡಲೇ ಗೊತ್ತಾಗುವುದು.

ನಕಾಶೆಯ ಮಾತು ಬಂದುದರಿಂದ ಹೇಳುತ್ತೇನೆ: ಈ ನಾಲ್ಕು ತಾಲೂಕುಗಳ ಪೊಲೀಸನಿಗೆ ಕಳ್ಳನಿಗಿಂತ ಹೆಚ್ಚಿನ ಶತ್ರು ಎಲ್ಲೆಯೇ ಆಗಿತ್ತು. ಪೇಶವೆಯ ಪತನವಾದ 1818ರ ಬಳಿಕ ಈ ಪ್ರದೇಶದ ಬಹುಭಾಗ ಸಾತಾರೆಯ ರಾಜನಿಗೆ ಹೋಗಿ, 1848ರಲ್ಲಿ ಆ ರಾಜ್ಯ ಮುಗಿದಾಗ ಇಂಗ್ಲಿಷರದಾಯಿತು. 1864ರಲ್ಲಿ ಕಲಾದಗಿ ಜಿಲ್ಲೆಯಾಗಿ, 1885ರಲ್ಲಿ ಜಿಲ್ಲೆಯ ಕಚೇರಿ ವಿಜಯಪುರಕ್ಕೆ ಬಂತು. ಪಶ್ಚಿಮಕ್ಕೆ ಜತ್ತ ಸಂಸ್ಥಾನ, ಭೀಮೆಯಾಚೆ ಅಕ್ಕಲಕೋಟೆಯ ಸಂಸ್ಥಾನ, ಪೂರ್ವಕ್ಕೆ ಸಿಂದಗಿ ಮುದ್ದೇಬಿಹಾಳಗಳ ಹೊಲಗಳ ಅಂಚಿನಲ್ಲಿಯೇ ನಿಜಾಮನ ರಾಜ್ಯ ಹಾಗೂ ಅದರೊಳಗಣ ಸುರಪುರ. ಎತ್ತನ್ನು ಕದ್ದವನು ಒಂದು ರಾತ್ರಿ ನಡೆದರೆ ಸಾಕು, ಮುಂಬಯಿಯ ವಾರಂಟು ನಡೆಯದ ನೆಲದಲ್ಲಿ ಇರುವನು. ಸುರಪುರದ ಆಡಳಿತವನ್ನು 1841ರಿಂದ 1853ರವರೆಗೆ ನೋಡಿಕೊಂಡ ಮೆಡೋಸ್ ಟೇಲರ್, 1839ರಲ್ಲಿಯೇ ಠಕ್ಕರ ಕುರಿತ ತನ್ನ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದವನು, ಈ ಎಲ್ಲೆಯ ಆಚೆಗಿನ ಮನುಷ್ಯ.

ಎಲ್ಲೆಯ ಊರು ಬಂಡಾಯಕ್ಕೂ ಅನುಕೂಲ. 1824ರಲ್ಲಿ ದಿವಾಕರ ದೀಕ್ಷಿತನೆಂಬವನು ಕೆಲವೇ ಸಂಗಡಿಗರೊಡನೆ ಸಿಂದಗಿಯನ್ನು ವಶಪಡಿಸಿಕೊಂಡು, ಅಲ್ಲಿ ತನ್ನದೇ ಠಾಣೆಯನ್ನು ಸ್ಥಾಪಿಸಿ, ಕಂದಾಯದ ವಸೂಲಿಗೂ ಏರ್ಪಾಡು ಮಾಡಿದನು. ಕಂಪನಿಯ ಸೈನ್ಯ ಬಂದು ಆ ಸರಕಾರವನ್ನು ಅಡಗಿಸಿತು. ಇದರಲ್ಲಿ ನನ್ನ ಗಮನವನ್ನು ಸೆಳೆಯುವುದು ಬಂಡಾಯದ ಪರಾಕ್ರಮಕ್ಕಿಂತ ಅದರ ಕ್ರಮ: ಊರನ್ನು ಹಿಡಿದವನು ಮೊದಲು ಮಾಡಿದ ಕೆಲಸ ಠಾಣೆ ಹಾಕುವುದು. ಆಳುವವರು ಯಾರೆಂಬುದು ಈ ಸೀಮೆಯ ರೈತನಿಗೆ ತಿಳಿಯುತ್ತಿದ್ದುದು ಠಾಣೆಯಲ್ಲಿ ಕುಳಿತವರ ಮುಖದಿಂದಲೇ. 1857ರಲ್ಲಿ ಮುಧೋಳದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸೆವೆಂದು ನಿಂತುದೂ, ಅದಕ್ಕಾಗಿ ಗಲ್ಲಿಗೇರಿದುದೂ ಲಾವಣಿಗಳ ಮೂಲಕ ಎಲ್ಲರಿಗೂ ತಿಳಿದ ಸಂಗತಿ. ಮುಂದೆ 1947–48ರಲ್ಲಿ ಇದೇ ಪೂರ್ವದ ಎಲ್ಲೆ ರಜಾಕಾರರ ಭೀತಿಯಲ್ಲಿ ನಿದ್ದೆಗೆಟ್ಟಿತು. ಆಚೆಯಿಂದ ಓಡಿಬಂದ ಕುಟುಂಬಗಳು ಈಚೆಯ ಊರುಗಳಲ್ಲಿ ತಂಗಿದುವು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಸೈನ್ಯ ನಡೆಸಿದ ಕಾರ್ಯಾಚರಣೆಯ ಬಳಿಕವೇ ಆ ಎಲ್ಲೆ ಬರಿಯ ಹೊಲದ ಬದುವಾಯಿತು.

ಈಗ ಎರಡನೆಯ ಕೋಣೆಗೆ, ಠಾಣೆಗೆ, ಹೋಗಬಹುದು. ಚಾರ್ಲ್ಸ್ ನೇಪಿಯರ್ 1843ರಲ್ಲಿ ಸಿಂಧ ಪ್ರಾಂತದಲ್ಲಿ ಐರ್ಲೆಂಡಿನ ಪೊಲೀಸ್ ಪಡೆಯ ಮಾದರಿಯ ಮೇಲೆ, ಕಂದಾಯದ ಅಧಿಕಾರಿಗಳಿಂದ ಬೇರ್ಪಡಿಸಿದ ಪಡೆಯೊಂದನ್ನು ಕಟ್ಟಿದನು. ಹತ್ತು ವರ್ಷಗಳ ಬಳಿಕ, 1853ರಲ್ಲಿ, ಮುಂಬಯಿ ಸರಕಾರ ಅದನ್ನು ತನ್ನ ಜಿಲ್ಲೆಗಳಿಗೆ ಅಳವಡಿಸಿ ಜಿಲ್ಲೆಗೊಬ್ಬ ಸುಪರಿಂಟೆಂಡೆಂಟನನ್ನು ನೇಮಿಸಿತು. ಭಾರತದ 1861ರ ಪೊಲೀಸ್ ಕಾಯಿದೆ ಬರುವ ಮುನ್ನವೇ ಇದು ಆಗಿತ್ತೆಂಬುದು ಮುಂಬಯಿಯವರ ಅಭಿಮಾನದ ವಿಷಯ. ತಾಲೂಕಿಗೆ ಫೌಜದಾರ ಬಂದನು. ಇಂದಿಗೂ ಈ ಭಾಗದ ಹಿರಿಯರ ಬಾಯಲ್ಲಿ ಸಬ್ ಇನ್‌ಸ್ಪೆಕ್ಟರ್ ಎಂಬುವನು ಫೌಜದಾರನೇ. ಬಳಿಕ 1890ರ ಮುಂಬಯಿ ಜಿಲ್ಲಾ ಪೊಲೀಸ್ ಕಾಯಿದೆ, 1951ರ ಮುಂಬಯಿ ಪೊಲೀಸ್ ಕಾಯಿದೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ, ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಿಂದ ಬಂದ ಪೊಲೀಸರು ತಂತಮ್ಮ ಕಾಯಿದೆಗಳನ್ನು ಕಂಕುಳಲ್ಲಿ ಹೊತ್ತುಕೊಂಡೇ ಬಂದರು. ಎಲ್ಲರಿಗೂ ಒಂದೇ ಕಾಯಿದೆಯಾದದ್ದು 1965ರ ಏಪ್ರಿಲ್ 2ರಂದು. ರಾಜ್ಯದ ಪೊಲೀಸ್ ಧ್ವಜ ದಿನಾಚರಣೆ ಪ್ರತಿವರ್ಷ ಆ ತಾರೀಖಿಗೇ ನಡೆಯುವುದು.

ಆಯುಧಗಳ ಬಗೆಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ನೋಡುಗರು ಹೇಗೂ ಅಲ್ಲಿಗೇ ಹೋಗುವರು. ಒಂದನ್ನು ಮಾತ್ರ ತೋರಿಸಬೇಕೆನ್ನಿಸುತ್ತದೆ: ಪಾಯಿಂಟ್ 410 ಮಸ್ಕೆಟ್. ಸೈನ್ಯದ 303 ರೈಫಲಿನ ನಳಿಕೆಯ ಒಳಗಣ ತಿರುಪುಗೀರುಗಳನ್ನು ಕೊರೆದು ನುಣುಪಾಗಿಸಿ, ಮ್ಯಾಗಜೀನನ್ನು ನಿರುಪಯೋಗಿಗೊಳಿಸಿ, ಒಂದು ಸಲಕ್ಕೆ ಒಂದೇ ತೋಟೆ ಹಾರುವಂತೆ ಈಶಾಪುರದ ಕಾರ್ಖಾನೆಯಲ್ಲಿ ಮಾರ್ಪಡಿಸಿ ಪೊಲೀಸರಿಗೆ ಕೊಟ್ಟ ಕೋವಿ ಅದು. ಹೊರಗಿನಿಂದ ರೈಫಲು, ಒಳಗೆ ಹಳೆಯ ತುಪಾಕಿ. 1857ನ್ನು ಕಂಡ ಸರಕಾರ ತನ್ನ ಪೊಲೀಸನನ್ನು ಎಷ್ಟರಮಟ್ಟಿಗೆ ನಂಬಿತ್ತು ಎಂಬುದನ್ನು ಆ ನಳಿಕೆಯೊಳಗೆ ಒಮ್ಮೆ ಇಣುಕಿದರೆ ಅರಿಯಬಹುದು. ಅಗಲ ಅಂಚಿನ, ಒಂದು ಪಕ್ಕ ಮೇಲಕ್ಕೆ ಮಡಿಸಿದ ಸ್ಲೌಚ್ ಹ್ಯಾಟು ಕರ್ನಾಟಕದ ಪೇದೆಯ ಗುರುತಾಗಿ ತಲೆಮಾರುಗಳ ಕಾಲ ನಿಂತು, 2025ರಲ್ಲಿ ಕಡುನೀಲಿ ಪೀಕ್ ಕ್ಯಾಪಿಗೆ ಜಾಗ ಬಿಟ್ಟಿತು. ಬಿಸಿಲಿಗೆ ಅಂಚು ಸೊಟ್ಟಗಾಗಿ, ಮಳೆಗೆ ನೆನೆದು ಭಾರವಾಗಿ, ಓಡುವಾಗ ಬಿದ್ದುಹೋಗಿ ಎಲ್ಲರ ಶಾಪಕ್ಕೂ ಗುರಿಯಾಗಿದ್ದ ಆ ಟೋಪಿಯನ್ನು ಕಳೆದುಕೊಂಡದ್ದಕ್ಕೆ ಅಳುವವರು ಕಡಮೆ. ಆದರೂ ಒಂದೆರಡನ್ನು ಕಾಯ್ದಿರಿಸುವುದು ಒಳ್ಳೆಯದು.

ನನ್ನ ಮಟ್ಟಿಗೆ ಠಾಣೆಯ ನಿಜವಾದ ನಿಧಿ ಅದರ ಪುಸ್ತಕಗಳು. ಸ್ಟೇಷನ್ ಡೈರಿ ಎಂಬುದು ಹಗಲಿರುಳೂ ಮುಚ್ಚದ ಪುಸ್ತಕ: ಇಂಥ ಗಂಟೆಗೆ ಇಂಥವನು ಗಸ್ತಿಗೆ ಹೋದ, ಇಂಥ ಊರಿನಿಂದ ಫಿರ್ಯಾದಿ ಬಂದ, ಕೋವಿಗಳನ್ನು ಎಣಿಸಿ ಬೀಗ ಹಾಕಲಾಯಿತು, ಲಾಕಪ್ಪಿನಲ್ಲಿ ಇಷ್ಟು ಜನ, ಜಾತ್ರೆಯ ಬಂದೋಬಸ್ತಿಗೆ ಇಷ್ಟು ಜನ. ಅದರ ಪಕ್ಕದಲ್ಲಿ ಪ್ರತಿ ಹಳ್ಳಿಗೂ ಒಂದರಂತೆ ಬರೆದಿಟ್ಟ ಅಪರಾಧದ ಟಿಪ್ಪಣಿಪುಸ್ತಕ. ಯಾವ ಊರಿನಲ್ಲಿ ಯಾವ ಮನೆತನಕ್ಕೂ ಯಾವ ಮನೆತನಕ್ಕೂ ಹೊಲದ ಬದುವಿನ ವ್ಯಾಜ್ಯ, ಯಾವ ಬರಗಾಲದಲ್ಲಿ ಹಗೇವು ಒಡೆದರು, ಯಾವ ವರ್ಷ ಜಾತ್ರೆಯಲ್ಲಿ ರಥ ಎಳೆಯುವ ಸರದಿಗಾಗಿ ಹೊಡೆದಾಡಿದರು, ಇದೆಲ್ಲ ಒಣ ಭಾಷೆಯಲ್ಲಿ ಅದರಲ್ಲಿ ಸಿಕ್ಕೀತು. ಎಂಟು ಲಕ್ಷವನ್ನು ಮೀರಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1876–77ರ ಬರದ ಬಳಿಕ, 1881ರ ಗಣತಿಗೆ, ಆರು ಲಕ್ಷ ನಲವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ಅಂಥ ವರ್ಷಗಳಲ್ಲಿ ಜೋಳ ಕದ್ದವನ ಹೆಸರಿನ ಮುಂದೆ ಬರೆದ ಕಲಮನ್ನು ಓದುವಾಗ, ಅದರ ಹಿಂದೆ ಅವನ ಮನೆಯ ಒಲೆಯನ್ನೂ ಕಾಣಬೇಕು. ಕಲಮಿನ ಸಂಖ್ಯೆಗಳೂ ಈಗ ಚರಿತ್ರೆಯೇ. 1862ರ ಜನವರಿಯಿಂದ ಜಾರಿಯಲ್ಲಿದ್ದ ದಂಡಸಂಹಿತೆ 2024ರ ಜುಲೈ 1ರಂದು ನಿವೃತ್ತವಾಗಿ, ಕೊಲೆಯ 302 ಎಂಬುದು 103 ಆಯಿತು, ಮೋಸದ 420 ಎಂಬುದು 318 ಆಯಿತು. ಬೈಗಳಾಗಿ ಚಲಾವಣೆಯಲ್ಲಿದ್ದ ನಾನೂರಾ ಇಪ್ಪತ್ತನ್ನು ಜನ ಅಷ್ಟು ಬೇಗ ಬಿಟ್ಟುಕೊಟ್ಟಾರೆಂದು ತೋರುವುದಿಲ್ಲ.

ಇದೇ ಪುಸ್ತಕಗಳ ಸಾಲಿನಲ್ಲಿ ಒಂದು ರಿಜಿಸ್ಟರು, ಸಂಗ್ರಹಾಲಯದ ಮೇಲ್ವಿಚಾರಕರಿಗೆ ಬಚ್ಚಿಡಬೇಕೆನ್ನಿಸುವಂಥದು, ಇರುವುದು. ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಸಮುದಾಯಗಳನ್ನು ಹೆಸರಿಸಿದ 1871ರ ಕಾಯಿದೆ 1911ರಲ್ಲಿ ಮುಂಬಯಿ ಪ್ರಾಂತಕ್ಕೂ ಹಬ್ಬಿತು. ಅದಕ್ಕೆ ತುಸು ಮುನ್ನವೇ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ ವಿಜಯಪುರದಲ್ಲಿ ಇಂಥವರ ವಸಾಹತೊಂದನ್ನು ಆರಂಭಿಸಿದ್ದನು. ಮುಂಬಯಿ ಪ್ರಾಂತದಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಮುಂದೆ ನೆಲೆಗೊಂಡ ವಸಾಹತುಗಳಿಗೆ ಇದೇ ಮೊದಲ ಪ್ರಯೋಗವಾಯಿತು. ಹರಣಶಿಕಾರಿಗಳು, ಛಪ್ಪರಬಂದರು ಮುಂತಾದವರು ಹೊತ್ತುಹೊತ್ತಿಗೆ ಹಾಜರಿ ಹೇಳಬೇಕು, ಮದುವೆಗಾಗಿ ನೆರೆಯೂರಿಗೆ ಹೋಗಬೇಕಾದರೂ ಪಾಸು ಬೇಕು, ಬೆರಳಚ್ಚು ಕೊಡಬೇಕು. ಕಳ್ಳನನ್ನು ಕಂಡುಹಿಡಿಯುವುದಕ್ಕೆಂದು ಕಲ್ಕತ್ತೆಯಲ್ಲಿ 1897ರಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ತೆರೆಯಲು ಶ್ರಮಿಸಿದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರ ಪ್ರತಿಭೆ ಇಲ್ಲಿ ಕಳ್ಳತನ ಮಾಡದವನ ಬೆರಳಿಗೂ ಮಸಿ ಬಳಿಯಿತು. ಸ್ಟಾರ್ಟ್ ವಸಾಹತಿನಲ್ಲಿ ಶಾಲೆ ತೆರೆದುದೂ, ಕೆಲಸ ಕಲಿಸಿದುದೂ ಉಂಟು. ಅದರಿಂದ ಬದುಕು ಕಂಡ ಕುಟುಂಬಗಳೂ ಇವೆ. ಆದರೆ ಕೂಸನ್ನು ತೊಟ್ಟಿಲಿನಲ್ಲಿಯೇ ಅಪರಾಧಿಯೆಂದು ಬರೆದ ಪುಟವನ್ನು ಯಾವ ಶಾಲೆಯೂ ಅಳಿಸಲಾರದು. ಕಾಯಿದೆ 1952ರಲ್ಲಿ ರದ್ದಾಯಿತು. ರೂಢಿಗತ ಅಪರಾಧಿಗಳ ಕಾಯಿದೆಯ ಹೆಸರಿನಲ್ಲಿ ಅದರ ನೆರಳು ಮುಂದೆಯೂ ನಿಂತಿತು. ಈ ರಿಜಿಸ್ಟರನ್ನು, ಅದರಲ್ಲಿರುವ ಮನೆತನಗಳ ಹೆಸರನ್ನು ಮರೆಮಾಡಿ, ಎಲ್ಲರೂ ಕಾಣುವಲ್ಲಿ ಇಡುವ ಧೈರ್ಯ ಇಲಾಖೆಗೆ ಬೇಕು. ಕೊಲ್ಕತ್ತೆಯವರು ತಮ್ಮ ಶತ್ರುವಿನ ಬಾಂಬನ್ನು ಇಟ್ಟರಷ್ಟೆ. ಇದು ತಮ್ಮದೇ ತಪ್ಪನ್ನು ಇಡುವ ಕೆಲಸ.

ಭೀಮೆಯ ದಂಡೆಯ ಬಗೆಗೆ ಪತ್ರಿಕೆಗಳು ಬೆಳೆಸಿದ ಭಯಾನಕ ಕೀರ್ತಿಯನ್ನು ಕುರಿತು ಎರಡು ಮಾತು. ಇಂಡಿ, ಸಿಂದಗಿಯ ನದೀತೀರದ ಊರುಗಳಲ್ಲಿ ನಡೆದ ಕೊಲೆ, ಪ್ರತಿಕೊಲೆ, ನಾಡ ಪಿಸ್ತೂಲುಗಳ ಸುದ್ದಿ ದಶಕಗಳ ಕಾಲ ಮುಖಪುಟದಲ್ಲಿ ಮೆರೆದು, 2012ರಲ್ಲಿ ಚಲನಚಿತ್ರವೂ ಆಯಿತು. ವಶಪಡಿಸಿಕೊಂಡ ಪಿಸ್ತೂಲುಗಳನ್ನು ಬೆಳಕು ಚೆಲ್ಲಿ ಮಖಮಲ್ಲಿನ ಮೇಲೆ ಜೋಡಿಸಿದರೆ ಜನ ನೆರೆಯುವರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ದಂಡೆಯ ರೈತ ಲಿಂಬೆಯನ್ನು ದೇಶಕ್ಕೆಲ್ಲ ಕಳುಹಿಸುತ್ತಾನೆ, ಕಬ್ಬು ಬೆಳೆಯುತ್ತಾನೆ, ಮಗಳ ಸಂಬಂಧ ಕೇಳಲು ಬಂದವರು ಊರಿನ ಹೆಸರು ಕೇಳಿ ಮುಖ ಮುಖ ನೋಡಿದರೆ ನಾಚಿ ಕುಗ್ಗುತ್ತಾನೆ. ನಾಡ ಪಿಸ್ತೂಲಿಗೆ ಒಂದು ಕಪಾಟು ಸಾಕು. ಅದರ ಪಕ್ಕದಲ್ಲಿ, ಹಗೆ ಹಿಡಿದ ಮನೆಗಳ ನಡುವೆ ರಾಜಿ ಮಾಡಿಸಿದ ಹಿರಿಯರ ಹಾಗೂ ಗಸ್ತಿನ ಪೇದೆಗಳ ನೆನಪುಗಳನ್ನು ಧ್ವನಿಮುದ್ರಿಸಿ ಕೇಳಿಸಬೇಕು.

ಇಂಥ ಸಂಗ್ರಹಕ್ಕೆ ಸಾಮಗ್ರಿ ಎಲ್ಲಿದೆಯೆಂದರೆ, ಠಾಣೆಗಳಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚು ಮನೆಗಳಲ್ಲಿ. ವಾಲೀಕಾರನ ಹಿತ್ತಾಳೆಯ ಬಿಲ್ಲೆ, ಸೊಂಟಪಟ್ಟಿ, ಗೌಡನ ಮೊಹರು, ಕುಲಕರ್ಣಿಯ ಅಟ್ಟದ ಮೇಲಿನ ಕೆಂಪು ಬಟ್ಟೆಯ ಗಂಟು. ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟೆಯ ನೀರು ಬಾಗೇವಾಡಿ ಸೀಮೆಯ ಕೊಲ್ಹಾರದಂಥ ಹಳೆಯ ಊರುಗಳನ್ನು ಎಬ್ಬಿಸಿದಾಗ, ಜನ ಬಾಗಿಲು ತೊಲೆಗಳನ್ನು ಕಿತ್ತುಕೊಂಡು ಹೋದರು. ಚಾವಡಿಯ ಗೋಡೆ, ಸೀಮೆಯ ಕಲ್ಲು ಮುಂತಾದವು ಹಿನ್ನೀರಿನ ಪಾಲಾದವು. ಉಳಿದ ಕಾಗದಗಳಿಗೆ ಗೆದ್ದಲು ಒಂದು ಕಡೆ, ಅವಧಿ ಮುಗಿದ ಕಡತಗಳನ್ನು ಸುಟ್ಟುಹಾಕುವ ಕಚೇರಿಯ ನಿಯಮ ಇನ್ನೊಂದು ಕಡೆ. ಅದಕ್ಕೂ ಮಿಗಿಲಾದ ತೊಡಕು ಲಿಪಿಯದು. ಹಳೆಯ ದಫ್ತರಗಳು ಬಹುಪಾಲು ಮೋಡಿ ಅಕ್ಷರಗಳಲ್ಲಿವೆ. ಲೇಖನಿಯನ್ನೆತ್ತದೆ ಓಡಿಸಿದ ಆ ಬರವಣಿಗೆಯನ್ನು ತಡವರಿಸದೆ ಓದಬಲ್ಲವರು ಬೆರಳೆಣಿಕೆಗೆ ಬಂದಿದ್ದಾರೆ. ಧಾರವಾಡದಲ್ಲಿ 1939ರಷ್ಟು ಹಿಂದೆಯೇ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ಹಳೆಯ ಕಾಗದಗಳನ್ನು ಬಲ್ಲವರ ಪರಂಪರೆ ಇದೆ. ಅಂಥವರನ್ನು ಕರೆತಂದು, ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಮನೆಯ ಅಟ್ಟದಲ್ಲಿ ಯಾವ ವರ್ಷದ ದಫ್ತರವಿದೆಯೆಂಬ ಯಾದಿಯನ್ನು ಮೊದಲು ಬರೆಯಿಸಬೇಕು, ಓದಿಸಬೇಕು, ನಕಲು ಮಾಡಿಸಬೇಕು. ಗಾಜಿನ ಕಪಾಟುಗಳ ಟೆಂಡರನ್ನು ಅನಂತರ ಕರೆದರೂ ಆದೀತು.